ಅಜ್ಜನ ಜಾವಾ: ಎಂಜಿನ್ ಬಿಚ್ಚೋದಾ, ಬದಲಾಯಿಸೋದಾ? (ನಮ್ಮ ಮನೆಯವರ ಮೆಸೇಜ್ ಗುಂಪಿನಿಂದ)

ದೊಡ್ಡಪ್ಪ: ಎಲ್ಲರಿಗೂ ಶುಭೋದಯ. ಅಪ್ಪನ ಜಾವಾ ಬೈಕ್ ನಿನ್ನೆ ತೀರ್ಥಹಳ್ಳಿಯಲ್ಲಿ ತುಂಗಾ ಸೇತುವೆ ಹತ್ತಿರ ಮತ್ತೆ ನಿಂತಿತು. ಹಿಂದಿನ ಬಸ್ಸಿನವನಿಗೆ ರಸ್ತೆ ಕಾಣದಷ್ಟು ಬಿಳಿ ಹೊಗೆ. ಕಿಕ್ ಹೊಡೆದರೆ ಕಾಲಿಗೆ ಏನೂ ಸಿಗುತ್ತಿಲ್ಲ. ಗುಜರಿಯಲ್ಲಿ ಒಂದು ಪೂರ್ತಿ ಎಂಜಿನ್ ಇದೆಯಂತೆ. 35 ಸಾವಿರ, ಒಂದೇ ದಿನದಲ್ಲಿ ಕೂರಿಸಿ ಕೊಡುತ್ತೇನೆ ಅಂತ ಮೆಕ್ಯಾನಿಕ್ ಹೇಳುತ್ತಾನೆ. ಗಾಡಿ ಎಲ್ಲರದ್ದು, ಅದಕ್ಕೇ ಕೇಳುತ್ತಿದ್ದೇನೆ.

ಬೆಂಗಳೂರು ಭಾವ: ಹಾಕಿಸಿಬಿಡಿ ಮಾವ. ಯೋಚನೆ ಮಾಡೋದೇನಿದೆ?

ಪುಟ್ಟ: ಹೊಸ ಜಾವಾದ ಎಂಜಿನ್ನೇ ಹಾಕಿದರೆ? ಪವರ್ ಜಾಸ್ತಿ!

ಚಿಕ್ಕಪ್ಪ: ಪುಟ್ಟ, 2018ರಲ್ಲಿ ಬಂದ ಜಾವಾದಲ್ಲಿ ಹೆಸರು ಮಾತ್ರ ಹಳೆಯದು. ಅದು ಫೋರ್ ಸ್ಟ್ರೋಕ್, ರೇಡಿಯೇಟರ್ ಬೇರೆ ಇದೆ. ಅಜ್ಜನದು ಟೂ ಸ್ಟ್ರೋಕ್. ಫ್ರೇಮ್ ಕತ್ತರಿಸದೆ ಕೂರಲ್ಲ. ಅಣ್ಣ, ಗೇರ್ ಆಯಿಲ್ ನೋಡಿದ್ಯಾ?

ದೊಡ್ಡಪ್ಪ: ಹೋದ ತಿಂಗಳು ತುಂಬಿಸಿದ್ದೆ. ಈಗ ಅರ್ಧವೂ ಇಲ್ಲ. ಕೆಳಗೆ ಒಂದು ಹನಿ ಸೋರಿಲ್ಲ, ಅದೇ ಆಶ್ಚರ್ಯ.

ಚಿಕ್ಕಪ್ಪ: ಆಶ್ಚರ್ಯ ಏನಿಲ್ಲ, ಎಂಜಿನ್ನೇ ಕುಡಿದಿದೆ. ಎಡಗಡೆ, ಕ್ಲಚ್ ಪಕ್ಕದ ಕ್ರ್ಯಾಂಕ್ ಸೀಲ್ (ಪಿಸ್ಟನ್ ತಿರುಗಿಸೋ ದಂಡದ ಸುತ್ತ ಇರೋ ರಬ್ಬರ್ ಬಳೆ) ಹೋದರೆ ಗೇರ್ ಆಯಿಲನ್ನು ಒಳಗೆ ಎಳೆದುಕೊಂಡು ಸುಡುತ್ತೆ. ಬಿಳಿ ಹೊಗೆ ಅದರದ್ದೇ. ಬಲಗಡೆ ಸೀಲ್ ಹೋಗಿದ್ದರೆ ಗಾಳಿ ಎಳೆದುಕೊಂಡು ಎಂಜಿನ್ ತಾನೇ ತಾನಾಗಿ ರೇಸ್ ಆಗುತ್ತಿತ್ತು. ಕಿಕ್ ಸಡಿಲ ಆಗಿರೋದು ಬೇರೆ ವಿಷಯ. ಅದು ಪಿಸ್ಟನ್ ಸುತ್ತಲಿನ ರಿಂಗ್, ಪಿಸ್ಟನ್ ಓಡಾಡೋ ಕೊಳವೆ ಅಂದರೆ ಬೋರ್, ಸವೆದದ್ದು.

ಸಾಗರದ ಅತ್ತೆ: ನನಗೆ ಸೀಲು ಗೀಲು ಗೊತ್ತಾಗಲ್ಲ. ಹೋದ ವರ್ಷ ಪೇಂಟ್ ಅಂತ ಎಲ್ಲರ ಹತ್ತಿರ ಐದೈದು ಸಾವಿರ ತಗೊಂಡಿರಿ. ಈ ವರ್ಷ ಎಂಜಿನ್. ಮಳೆಗಾಲ ಪೂರ್ತಿ ಕೊಟ್ಟಿಗೆ ಮೂಲೆಯಲ್ಲಿ ಅಡಿಕೆ ಸಿಪ್ಪೆ ಪಕ್ಕ ನಿಲ್ಲಿಸಿದರೆ ಹಾಳಾಗದೆ ಇನ್ನೇನು ಆಗುತ್ತೆ? ಮಾರಿ ಹಂಚಿಕೊಳ್ಳೋಣ ಅಂದರೆ ಯಾರೂ ಕೇಳಲ್ಲ.

ದೊಡ್ಡಪ್ಪ: ಮಾರೋ ಮಾತು ಬೇಡ.

ಚಿಕ್ಕಪ್ಪ: ಗುಜರಿ ಎಂಜಿನ್ ಬೇಡ ಅಂತ ಯಾಕೆ ಹೇಳುತ್ತೇನೆ ಅಂದರೆ, ಅದೂ ಮುದುಕನೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಬಾಗಿಲು ಹಾಕಿದ್ದು 1996ರಲ್ಲಿ. ಹೊರಗೆ ಬಫ್ ಹೊಡೆದು ಫಳಫಳ ಮಾಡಿರುತ್ತಾರೆ, ಒಳಗೆ ಎಷ್ಟು ಸಲ ಬೋರ್ ಕೊರೆಸಿ ಅಗಲ ಮಾಡಿದ್ದಾರೋ ಯಾರು ಕಂಡವರು? ಜೊತೆಗೆ ಎಂಜಿನ್ ನಂಬರ್. ಕ್ರ್ಯಾಂಕ್‌ಕೇಸ್ (ಎರಡು ಅರ್ಧ ಸೇರಿ ಆಗೋ ಎಂಜಿನ್ನಿನ ಕೆಳಗಿನ ಕವಚ) ಮೇಲೆ ಇರೋದಕ್ಕೂ ಆರ್‌ಸಿಯಲ್ಲಿ ಇರೋದಕ್ಕೂ ತಾಳೆ ಆಗಬೇಕು. ಬದಲಾಯಿಸಿದರೆ ಆರ್‌ಟಿಒದಲ್ಲಿ ಬರೆಸಬೇಕು. ಕದ್ದ ಗಾಡಿಯ ಎಂಜಿನ್ ಆಗಿದ್ದರೆ ಠಾಣೆಗೆ ಅಲೆಯೋದು ಯಾರು? ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಮಾಲೀಕ ತೀರಿಕೊಂಡ ಮೇಲೆ ಹೆಸರು ಬದಲಾಯಿಸೋ ಫಾರಂ 31 ಹಾಕಿ ಮೊದಲು ಅದನ್ನು ಸರಿ ಮಾಡಿಸು ಅಂತ ಅಣ್ಣನಿಗೆ ಹೇಳಿ ಹೇಳಿ ಸಾಕಾಯಿತು.

ಬೆಂಗಳೂರು ಭಾವ: ನಂಬರ್ ವಿಷಯ ಒಪ್ಪಿದೆ. ಆದರೆ ಬಿಚ್ಚಿದ ಎಂಜಿನ್ ಮತ್ತೆ ಜೋಡಣೆ ಆಗೋದು ಯಾವಾಗ? ನನ್ನ ಫ್ರೆಂಡ್ ಒಬ್ಬನ ಬುಲೆಟ್ ಎಂಜಿನ್ ಇವತ್ತಿಗೂ ಗೋಣಿಚೀಲದಲ್ಲಿ, ಮಂಚದ ಕೆಳಗಿದೆ. ಒಂದು ಬೇರಿಂಗ್ ಸಿಗಲಿಲ್ಲ ಅಂತ. ನಮ್ಮದೂ ಹಾಗಾದರೆ?

ಪುಟ್ಟ: ಭಾವ ಹೇಳೋದರಲ್ಲಿ ಪಾಯಿಂಟ್ ಇದೆ.

ನಾನು: ಇನ್ನೊಂದು. ಗಾಡಿ 1972ರದ್ದು, 50 ವರ್ಷ ದಾಟಿದೆ. 2021ರ ನಿಯಮದ ಪ್ರಕಾರ ವಿಂಟೇಜ್ ಅಂತ ನೋಂದಣಿ ಮಾಡಿಸಬಹುದು. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು.

ದೊಡ್ಡಪ್ಪ: ಅದನ್ನು ಓದಿದ್ದೇನೆ ಮಗ. ವಿಂಟೇಜ್ ಮಾಡಿಸಿದರೆ ರ‍್ಯಾಲಿ, ಪ್ರದರ್ಶನಕ್ಕೆ ತಗೊಂಡು ಹೋಗಬಹುದು, ದಿನಾ ಓಡಿಸೋ ಹಾಗಿಲ್ಲ. ನಾನು ಸೊಸೈಟಿಗೆ ಹೋಗೋದು ಯಾವುದರಲ್ಲಿ?

ಸಾಗರದ ಅತ್ತೆ: ಸ್ಕೂಟರ್ ಇದೆಯಲ್ಲ ಅಣ್ಣ.

ದೊಡ್ಡಪ್ಪ: ಸ್ಕೂಟರ್ ಸ್ಕೂಟರೇ.

ಚಿಕ್ಕಪ್ಪ: ಈಗಲೇ ಏನೂ ತೀರ್ಮಾನ ಬೇಡ. ಎಂಜಿನ್ ಇಳಿಸೋದೂ ಬೇಡ. ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬ್ಲಾಕ್ ಮಾತ್ರ ತೆಗೆಸೋಣ. ಪಿಸ್ಟನ್ನನ್ನು ಮೇಲಿನ ತುದಿಗೆ ತಂದು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸೋ ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲೆ ಕೆಳಗೆ ಎಳೆದು ನೋಡಬೇಕು. ಪಕ್ಕಕ್ಕೆ ಸ್ವಲ್ಪ ಜರುಗಿದರೆ ಪರವಾಗಿಲ್ಲ, ಅದು ಇರಬೇಕಾದದ್ದೇ. ಮೇಲೆ ಕೆಳಗೆ ಕೂದಲೆಳೆಯಷ್ಟು ಟಕ್ ಅಂದರೂ ರಾಡಿನ ಕೆಳ ತುದಿಯ ಬಿಗ್ ಎಂಡ್ ಬೇರಿಂಗ್ ಮುಗಿದಿದೆ ಅಂತಲೇ. ಆಗ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬಿಚ್ಚಿ ರಾಡ್ ಕಿಟ್ ಹಾಕಿಸಬೇಕು, ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಓಲಾಡದೆ ನೇರ ತಿರುಗುತ್ತಾ ಅಂತ ನೋಡಬೇಕು. ಕಣ್ಣಂದಾಜಿನಲ್ಲಿ ಕೂರಿಸುವವರ ಕೈಗೆ ಕೊಟ್ಟರೆ ಹೊಸ ಸೀಲೂ ಹೋಗುತ್ತೆ, ಬೇರಿಂಗೂ ಹೋಗುತ್ತೆ.

ಬೋರ್ ಮೊದಲಿಗೆ 65 ಎಂ.ಎಂ. ಎಷ್ಟು ಸವೆದಿದೆ ಅಂತ ಲೇತಿನವರು ಅಳೆಯಲಿ. ಓವರ್‌ಸೈಜ್ ಪಿಸ್ಟನ್ ಕೈಗೆ ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಬೋರ್ ಹೊಡೆಸೋದು. ಬೋರ್ ಮೊದಲು, ಪಿಸ್ಟನ್ ಆಮೇಲೆ ಅನ್ನುವವರನ್ನು ನಾನು ನಂಬಲ್ಲ. ಹೊಡೆದಾದ ಮೇಲೆ ಬೋರಿನ ಗೋಡೆಯಲ್ಲಿರೋ ಕಿಂಡಿಗಳ (ಪೋರ್ಟ್) ಅಂಚು ಸವರಿಸಬೇಕು, ಇಲ್ಲದಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತೆ.

ಬೆಂಗಳೂರು ಭಾವ: ಕ್ರ್ಯಾಂಕ್‌ಕೇಸೇ ಹಾಳಾಗಿದ್ದರೆ ಮಾವ?

ಚಿಕ್ಕಪ್ಪ: ಕೇಸ್ ಒಡೆದಿದ್ದರೆ, ಇಲ್ಲ ಬೇರಿಂಗ್ ಕೂರುವ ಜಾಗವೇ ಸವೆದು ಸಡಿಲ ಆಗಿದ್ದರೆ ನೀವು ಹೇಳಿದ್ದೇ ಸರಿ ಅಳಿಯಂದಿರೇ. ಆಗ ಗುಜರಿಯ ಎಂಜಿನ್ ತರೋಣ, ಕಾಗದ ಪತ್ರ ನೋಡಿಕೊಂಡು. ಕೇಸ್ ಮಾತ್ರ ಜೋಡಿಯಾಗೇ ಬೇಕು. ಅರ್ಧ ಅದರದ್ದು ಅರ್ಧ ನಮ್ಮದು ಮಾಡಿದರೆ ಕ್ರ್ಯಾಂಕ್ ನೇರ ಕೂರಲ್ಲ. ಸಾಮಾನು ಪೂರ್ತಿ ಸಿಗೋವರೆಗೆ ಬ್ಲಾಕ್‌ನಿಂದ ಕೆಳಗೆ ಬಿಚ್ಚೋದೂ ಬೇಡ. ಗೋಣಿಚೀಲದ ಭಯಕ್ಕೆ ಅಷ್ಟು ಸಾಕಲ್ವಾ?

ಬೆಂಗಳೂರು ಭಾವ: ಹಾಗಾದರೆ ಸರಿ. 35 ಸಾವಿರದ ಒಳಗೆ ಮುಗಿಯಬೇಕು.

ದೊಡ್ಡಪ್ಪ: ಬುಧವಾರ ಅಡಿಕೆ ಪಿಕಪ್ ಶಿವಮೊಗ್ಗಕ್ಕೆ ಬರುತ್ತೆ, ಗಾಡಿ ಅದರಲ್ಲೇ ಹಾಕಿಸುತ್ತೇನೆ. ತಮ್ಮಾ, ನೀನು ಸಾಗರ ರಸ್ತೆ ಆಟೋ ಕಾಂಪ್ಲೆಕ್ಸ್ ಹತ್ತಿರ ನಿಂತಿರು. ಗುಜರಿಯವನಿಗೆ ಸದ್ಯ ಅಡ್ವಾನ್ಸ್ ಕೊಡಲ್ಲ.

ಪುಟ್ಟ: ರಾಡ್ ಅಲ್ಲಾಡಿಸೋ ವಿಡಿಯೋ ಹಾಕಿ ಚಿಕ್ಕಪ್ಪ.

ಸಾಗರದ ಅತ್ತೆ: ಬಿಲ್ಲೂ ಹಾಕಿ. ಪೇಂಟಿನ ಬಿಲ್ ಇನ್ನೂ ಗುಂಪಿಗೆ ಬಂದಿಲ್ಲ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ಸಾಗರದ ಅತ್ತೆ: ನಾನು ಓದಿಯಾಯಿತು ಅಣ್ಣ.