ಕೆಸರು, ಮರಳು, ಹಿಮಾಲಯದ ಹಳ್ಳ: ಗಾಡಿ ಓಡಿಸಲು ಯಾವ ನೆಲ ನಿಜಕ್ಕೂ ಕಷ್ಟ?

ಬೆಂಗಳೂರು ಸವಾರ:
ಗೆಳೆಯರ ನಡುವೆ ಎದ್ದ ವಾದವೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಮಳೆಗಾಲದಲ್ಲಿ ಸಕಲೇಶಪುರದ ತೋಟದ ದಾರಿಗಳಲ್ಲಿ ಓಡಿಸಿದವರಿಗೆ ಬೇರೆ ಯಾವ ನೆಲವೂ ಕಷ್ಟವೆನಿಸದು ಎಂದು ಒಬ್ಬರು ಹೇಳಿದರೆ, ಅದು ಮರಳುಗಾಡು ಕಾಣದವರ ಮಾತು ಎಂದು ಇನ್ನೊಬ್ಬರು ನಕ್ಕರು. ಹೊಸದಾಗಿ ಫೋರ್ ವೀಲ್ ಡ್ರೈವ್ ಗಾಡಿ ಕೊಂಡಿರುವ ನನ್ನಂಥವರು ಯಾವ ನೆಲದಲ್ಲಿ ಮೊದಲು ಕಲಿಯಬೇಕು, ಯಾವುದಕ್ಕೆ ಹೆಚ್ಚು ಹೆದರಬೇಕು ಎಂಬುದನ್ನು ಅನುಭವಸ್ಥರು ಕಾರಣಸಹಿತ ತಿಳಿಸಬೇಕೆಂದು ಕೋರುತ್ತೇನೆ.

ತೋಟದ ಜೀಪು:
ಮರಳು ಕಣ್ಣಿಗೆ ಮರಳಾಗಿಯೇ ಕಾಣುತ್ತದೆ. ಕೆಸರು ಹಾಗಲ್ಲ. ನಾಲ್ಕು ಬೆರಳು ನೀರು ನಿಂತ ಜಾಡಿನ ಕೆಳಗೆ ಗಟ್ಟಿ ಜಂಬಿಟ್ಟಿಗೆ ಇದೆಯೋ, ಮೊಣಕಾಲುದ್ದ ಜೇಡಿ ಇದೆಯೋ ಎಂಬುದು ಇಳಿದು ಕೋಲು ಚುಚ್ಚಿ ನೋಡದ ಹೊರತು ಗೊತ್ತಾಗುವುದಿಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕೆಂಪು ಜೇಡಿಯು ಚಕ್ರ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಟೈರಿನ ಗೀರುಗಳನ್ನೆಲ್ಲ ತುಂಬಿಬಿಡುತ್ತದೆ. ಆಮೇಲೆ ಎಷ್ಟೇ ದುಬಾರಿ ಟೈರಾದರೂ ಅದು ಸವೆದ ಟೈರಿಗೆ ಸಮ. ಮಲೆನಾಡಿನ ಹಳೆಯ ಜೀಪುಗಳ ಹಿಂದಿನ ಚಕ್ರಗಳಿಗೆ ಮಳೆಗಾಲದಲ್ಲಿ ಚೈನು ಕಟ್ಟುವುದು ಇದೇ ಕಾರಣಕ್ಕೆ.

ಎಲ್ಲಕ್ಕಿಂತ ಅಪಾಯವಿರುವುದು ಆಳವಾದ ಜಾಡಿನಲ್ಲಿ. ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ಜಾಡು ಹೋದತ್ತಲೇ ಹೋಗುವುದರಿಂದ, ಮುಂದಿನ ಚಕ್ರಗಳು ಬಲಕ್ಕೆ ಹೊರಳಿರುವುದು ಚಾಲಕನ ಗಮನಕ್ಕೇ ಬಂದಿರುವುದಿಲ್ಲ. ಜಾಡು ಮುಗಿದು ಗಟ್ಟಿ ನೆಲ ಸಿಕ್ಕ ಕೂಡಲೇ ಅವು ನೆಲ ಕಚ್ಚಿ ಗಾಡಿಯನ್ನು ಚರಂಡಿಗೋ ಕಾಫಿ ಗಿಡಗಳ ಮೇಲಕ್ಕೋ ಎಳೆದೊಯ್ಯುತ್ತವೆ. ನಮ್ಮ ಕಡೆಯ ಚಾಲಕರು ಆಗಾಗ ತಲೆ ಹೊರಹಾಕಿ ಚಕ್ರ ನೋಡುವುದು ಶೋಕಿಗಲ್ಲ.

ಮಸ್ಕತ್ ವಾಸಿ:
ತೋಟದ ಜೀಪಿನವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಮೊದಲ ವಾಕ್ಯಕ್ಕೆ ನನ್ನ ತಕರಾರಿದೆ. ಮರಳು ಕಣ್ಣಿಗೆ ಕಾಣುತ್ತದೆ ನಿಜ. ಅದರ ಆಕಾರ ಕಾಣುವುದಿಲ್ಲ. ಒಮಾನಿನ ಶರ್ಕಿಯಾ ಮರಳುಗಾಡಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುವಾಗ ನೆರಳೇ ಬೀಳದ ಕಾರಣ ಏರು ಯಾವುದು, ಇಳಿಜಾರು ಯಾವುದು, ನಡುವಿನ ಗುಂಡಿ ಯಾವುದು ಎಂದು ಬೇರ್ಪಡಿಸಲಾಗದೆ ಎಲ್ಲವೂ ಒಂದೇ ಹಳದಿ ಹಾಳೆಯಂತೆ ತೋರುತ್ತದೆ. ದಿಬ್ಬದ ಒಂದು ಮಗ್ಗುಲು ಗಾಳಿಗೆ ಒತ್ತಿ ಗಟ್ಟಿಯಾಗಿದ್ದರೆ, ಮರಳು ಜಾರಿ ಬೀಳುವ ಆಚೆಯ ಮಗ್ಗುಲು 30 ಡಿಗ್ರಿಗೂ ಮಿಕ್ಕಿ ಕಡಿದಾಗಿರುತ್ತದೆ. ನೆತ್ತಿ ತಲುಪಲು ವೇಗ ಬೇಕು, ತಲುಪಿದ ಮೇಲೆ ಅದೇ ವೇಗ ಪ್ರಾಣಾಂತಿಕ. ಅಂಜಿ ನೆತ್ತಿಯಲ್ಲೇ ನಿಲ್ಲಿಸಿದರೆ ಗಾಡಿಯ ಹೊಟ್ಟೆ ಮರಳಿನ ಮೇಲೆ ಕುಳಿತು ಚಕ್ರಗಳು ಸುಮ್ಮನೆ ತಿರುಗುತ್ತವೆ. ಇಳಿಯುವಾಗ ಗಾಡಿ ಅಡ್ಡ ಜಾರಿದರೆ ಬ್ರೇಕ್ ಒತ್ತದೆ, ಮೂತಿಯನ್ನು ಇಳಿಜಾರಿನತ್ತ ತಿರುಗಿಸಿ ಮೆಲ್ಲಗೆ ಆಕ್ಸಿಲರೇಟರ್ ಕೊಡಬೇಕು. ಊರಿನ ರಸ್ತೆಯಲ್ಲಿ ಪಳಗಿದ ಕಾಲು ಇದಕ್ಕೆ ಒಪ್ಪುವುದೇ ಇಲ್ಲ.

ಇನ್ನೊಂದು ಮಾತು: ನಿಮ್ಮ ತೋಟದಲ್ಲಿ ವಿಂಚ್ (ಹೂತ ಗಾಡಿಯನ್ನು ಎಳೆದೆತ್ತುವ ತಂತಿ ರಾಟೆ) ತಂತಿ ಸುತ್ತಲು ಮರವಿದೆ. ಇಲ್ಲಿ ಜೊತೆಗೆ ಇನ್ನೊಂದು ಗಾಡಿ ಇಲ್ಲದಿದ್ದರೆ ಸಲಿಕೆಯೇ ಗತಿ.

ತೋಟದ ಜೀಪು:
ಮರವಿದೆ ಎಂದಾಕ್ಷಣ ಕೆಲಸ ಸುಲಭವಾಗದು, ಸ್ವಾಮಿ. ಅಗಲದ ಪಟ್ಟಿ ಹಾಕದೆ ಉಕ್ಕಿನ ತಂತಿಯನ್ನು ನೇರವಾಗಿ ಸಿಲ್ವರ್ ಓಕ್‌ಗೆ ಸುತ್ತಿ ಎಳೆದು, ತೊಗಟೆ ಸುಲಿದು, ಮರವನ್ನೇ ಕೊಂದು ಹೋದವರನ್ನು ನೋಡಿದ್ದೇನೆ. ಎಳೆಯುವ ತಂತಿ ತುಂಡಾದರೆ ಹತ್ತಿರ ನಿಂತವರ ಕಾಲು ಉಳಿಯುವುದೂ ಅದೃಷ್ಟವೇ.

ಕಾಜಾ ದಾರಿ:
ಇಬ್ಬರೂ ಗಾಡಿ ಹೂತುಹೋಗುವುದನ್ನೇ ಕಷ್ಟವೆಂದು ಅಳೆಯುತ್ತಿದ್ದೀರಿ. ಎಷ್ಟು ಸಲ ಸಿಕ್ಕಿಹಾಕಿಕೊಳ್ಳುತ್ತೇವೆ ಎಂಬುದು ಒಂದು ಅಳತೆ; ಒಮ್ಮೆ ತಪ್ಪಿದರೆ ಏನು ಕಳೆದುಕೊಳ್ಳುತ್ತೇವೆ ಎಂಬುದು ಬೇರೆಯೇ ಅಳತೆ. ಈ ಎರಡನೆಯದರಲ್ಲಿ ಹರಿಯುವ ನೀರಿಗೆ ಸಮನಾದುದಿಲ್ಲ ಎಂಬುದು ನನ್ನ ನಿಲುವು. ಹಿಮಾಚಲದ ಗ್ರಾಂಫೂವಿನಿಂದ ಬಾತಲ್ ಮೂಲಕ ಕಾಜಾಕ್ಕೆ ಹೋಗುವ ದಾರಿಯಲ್ಲಿ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ, ಬಿಸಿಲಿಗೆ ಮೇಲಿನ ಹಿಮ ಕರಗಿದಂತೆ ಮಧ್ಯಾಹ್ನದ ಹೊತ್ತಿಗೆ ಉಕ್ಕಿ ಹರಿಯತೊಡಗುತ್ತದೆ. ಹೀಗಾಗಿ ಅಲ್ಲಿನ ಚಾಲಕರು ನಸುಕಿನಲ್ಲೇ ಹೊರಡುತ್ತಾರೆ. ನೀರು ಬೂದುಬಣ್ಣಕ್ಕೆ ತಿರುಗಿರುವುದರಿಂದ ತಳದ ಬಂಡೆ ಕಾಣುವುದಿಲ್ಲ. ಮಹೀಂದ್ರಾದ ಥಾರ್ ಗಾಡಿ 650 ಮಿ.ಮೀ. ಆಳದ ನೀರು ದಾಟಬಲ್ಲದೆಂದು ಕಂಪನಿ ಹೇಳುತ್ತದೆಂದು ಧೈರ್ಯ ತಳೆಯುವವರು, ಆ ಅಂಕಿ ಆಳದ್ದೇ ಹೊರತು ಸೆಳವಿನದ್ದಲ್ಲ ಎಂಬುದನ್ನು ಮರೆಯಬಾರದು.

ಇದರ ಮೇಲೆ ಎತ್ತರದ ಕಾಟ ಬೇರೆ. ಸುಮಾರು 4,500 ಮೀಟರ್ ಎತ್ತರದ ಕುಂಜುಮ್ ಕಣಿವೆಮಾರ್ಗದಲ್ಲಿ ಗಾಳಿ ತೆಳುವಾಗಿರುವುದರಿಂದ, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್‌ನ ಶಕ್ತಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚೇ ಕುಂದುತ್ತದೆ. ಚಾಲಕನ ತಲೆಯೂ ಆಗ ನೆಟ್ಟಗೆ ಓಡುತ್ತಿರುವುದಿಲ್ಲ.

ಗ್ಯಾರೇಜಿನವ:
ರಿಪೇರಿಗೆ ಬರುವ ಗಾಡಿಗಳನ್ನು ನೋಡಿ ಹೇಳುವುದಾದರೆ ಕಾಜಾ ದಾರಿಯವರ ಮಾತು ಸರಿ. ಕೆಸರಿನಿಂದ ಬಂದ ಗಾಡಿಗೆ ಬೇರಿಂಗು, ಬ್ರೇಕು, ಕ್ಲಚ್ಚು ಹೋಗಿರುತ್ತದೆ. ಮರಳಿನದಕ್ಕೆ ಏರ್ ಫಿಲ್ಟರ್ ಕಟ್ಟಿರುತ್ತದೆ, ಗೇರ್ ಬಾಕ್ಸ್ ಕಾದಿರುತ್ತದೆ. ನೀರು ಕುಡಿದ ಎಂಜಿನ್ ಮಾತ್ರ ಬೇರೆ ಲೆಕ್ಕ: ನೀರು ಗಾಳಿಯಂತೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ ಮೇಲೇರುವಾಗ ಅದನ್ನು ತಳ್ಳುವ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಹಳ್ಳದ ನಡುವೆ ಎಂಜಿನ್ ಆಫ್ ಆದರೆ ದಯವಿಟ್ಟು ಮತ್ತೆ ಮತ್ತೆ ಸ್ಟಾರ್ಟರ್ ತಿರುವಬೇಡಿ. ಉಳಿಯಬಹುದಾಗಿದ್ದ ಎಂಜಿನ್‌ಗಳು ಹಾಳಾಗುವುದು ಬಹುತೇಕ ಆ ಎರಡನೆಯ ಪ್ರಯತ್ನದಲ್ಲಿ.

ಕೊಪ್ಪದ ಓದುಗ:
ಮರಳಿನ ಮೇಲಿನ ಚಕ್ರದ ಗುರುತನ್ನು ಗಾಳಿ ಅಳಿಸಬಲ್ಲದು. ನಮ್ಮ ಗುಡ್ಡದ ಹುಲ್ಲುಗಾವಲಿನಲ್ಲಿ ಮೂಡಿದ ಜಾಡು ಮರುಮಳೆಗೆ ಕೊರಕಲಾಗಿ ಮೇಲ್ಮಣ್ಣನ್ನೆಲ್ಲ ಹಳ್ಳಕ್ಕೆ ಇಳಿಸುತ್ತದೆ. ಕೆಸರಿನಲ್ಲಿ ಕಲಿಯಬಯಸುವವರು ತೋಟದ ಮಾಲೀಕರ ಒಪ್ಪಿಗೆ ಪಡೆದು ಖಾಸಗಿ ಜಾಗದಲ್ಲಿ ಕಲಿಯಲಿ. ಅನುಮತಿಯಿಲ್ಲದೆ ಮೀಸಲು ಅರಣ್ಯ ಹೊಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಅದು ಅಪರಾಧ.

ಬೆಂಗಳೂರು ಸವಾರ:
ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ನೀರನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಟೈರಿನ ಗಾಳಿ ಇಳಿಸುವುದು ಮರಳಿಗೆ ಮಾತ್ರವೋ, ಕೆಸರಿಗೂ ಅನ್ವಯಿಸುವುದೋ?

ಮಸ್ಕತ್ ವಾಸಿ:
ಮರಳಿನಲ್ಲಿ ಅದೇ ಮೊದಲ ಪಾಠ. ರಸ್ತೆಯ ಮೇಲೆ 30ರ ಆಸುಪಾಸಿನಲ್ಲಿರುವ ಒತ್ತಡವನ್ನು 15ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರು ಉದ್ದಕ್ಕೆ ಹರಡಿ ಮರಳಿನ ಮೇಲೆ ತೇಲಿದಂತೆ ಸಾಗುತ್ತದೆ. ಆದರೆ ಆಗ ಸ್ಟೀರಿಂಗನ್ನು ಥಟ್ಟನೆ ಕತ್ತರಿಸಿದರೆ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ. ಡಾಂಬರು ರಸ್ತೆಗೆ ಮರಳುವ ಮುನ್ನ ಗಾಳಿ ತುಂಬಲೇಬೇಕು.

ತೋಟದ ಜೀಪು:
ಕೆಸರಿನಲ್ಲಿ ನಾನು ಇಳಿಸುವುದಿಲ್ಲ. ತೆಳು ಕೆಸರಿನ ಕೆಳಗೆ ಗಟ್ಟಿ ನೆಲವಿದ್ದಾಗ, ಕಿರಿದಾದ ಬಿಗಿ ಟೈರು ಕೆಸರನ್ನು ಸೀಳಿ ಆ ನೆಲವನ್ನು ಮುಟ್ಟುತ್ತದೆ.

ಗ್ಯಾರೇಜಿನವ:
ತಳವೇ ಸಿಗದ ಆಳ ಕೆಸರಿದ್ದರೆ ಸ್ವಲ್ಪ ಇಳಿಸುವುದೇ ಮೇಲು. ಈ ವಿಷಯದಲ್ಲಿ ತೋಟದವರಿಗೂ ನನಗೂ ಎಂದೂ ಒಮ್ಮತವಾಗದು. ಅವರ ಹಳೆಯ ಜೀಪಿನದು ಟ್ಯೂಬ್ ಟೈರು. ಗಾಳಿ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವನ್ನೇ ಕಿತ್ತುಹಾಕುತ್ತದೆ, ಆದ್ದರಿಂದ ಅವರ ಹೆದರಿಕೆಗೆ ಅರ್ಥವಿದೆ. ಟ್ಯೂಬ್‌ಲೆಸ್ ಇರುವ ಹೊಸ ಗಾಡಿಯವರು 20 ಪಿಎಸ್‌ಐವರೆಗೆ ಇಳಿಸಿ ನೋಡಬಹುದು. ಗಾಳಿ ತುಂಬುವ ಪಂಪು ಗಾಡಿಯಲ್ಲೇ ಇರಲಿ.