ಪುಟ್ಟ ಮಕ್ಕಳಿಗೆ ‘ಶಕ್ತಿ ಉಳಿತಾಯ’ ಅನ್ನಬೇಕೋ, ‘ಕರೆಂಟ್ ಉಳಿಸು’ ಅನ್ನಬೇಕೋ?

ಗೆಳೆಯರೇ, ನಮಸ್ಕಾರ.

ಬೆಂಗಳೂರಿನ ಒಂದು ಕನ್ನಡ ಶಾಲೆಯ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಪುಟ್ಟದೊಂದು ಕೈಪಿಡಿ ಬರೆಯುತ್ತಿದ್ದೇನೆ. ಮನೆಯಲ್ಲಿ ಕರೆಂಟು, ಗ್ಯಾಸು ದಂಡವಾಗದ ಹಾಗೆ ನೋಡಿಕೊಳ್ಳುವುದು ಹೇಗೆ ಅನ್ನುವುದು ವಿಷಯ. ಏನು ಹೇಳಬೇಕು ಅನ್ನುವುದು ಗೊತ್ತು. ಯಾವ ಪದದಲ್ಲಿ ಹೇಳಬೇಕು ಅನ್ನುವುದಕ್ಕೆ ನಿಮ್ಮ ಸಹಾಯ ಬೇಕು.

ಮೊದಲು ‘ಶಕ್ತಿ’. ವಿಜ್ಞಾನದ ಪಾಠದಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಬೇರೆ ಬೇರೆ. ಎಂಟು ವರ್ಷದ ಮಗುವಿಗೆ ಮೂರೂ ಒಂದೇ. ಮುದ್ದೆ ತಿಂದರೆ ಬರುವುದು ಶಕ್ತಿ. ಶಕ್ತಿ ಉಳಿಸು ಅಂದರೆ ಓಡಾಡದೆ ಸುಮ್ನೆ ಕೂತಿರು ಅಂತ ಮಗು ತಿಳಿದರೆ ಅದರಲ್ಲಿ ತಪ್ಪೇನಿದೆ? ಜೊತೆಗೆ 2023ರಿಂದ ಹೆಂಗಸರ ಉಚಿತ ಬಸ್ ಪ್ರಯಾಣದ ಯೋಜನೆಗೂ ಅದೇ ಹೆಸರು.

‘ಇಂಧನ’ ಸರ್ಕಾರಿ ಕನ್ನಡದಲ್ಲಿ ಗಟ್ಟಿಯಾಗಿ ಕೂತಿದೆ. ಕರೆಂಟಿನ ವ್ಯವಹಾರ ಇಂಧನ ಇಲಾಖೆಯದು. ಡಿಸೆಂಬರ್ 14 ಇಂಧನ ಸಂರಕ್ಷಣಾ ದಿನ. ಆದರೆ ಇಂಧನ ಅಂದ ಕೂಡಲೇ ನೆನಪಾಗುವುದು ಸೌದೆ, ಪೆಟ್ರೋಲು, ಡೀಸೆಲ್ಲು. ಅಂದರೆ ಉರಿಯುವ ವಸ್ತು. ಶರಾವತಿಯ ನೀರಿನಿಂದ, ಪಾವಗಡದ ಬಿಸಿಲಿನಿಂದ ಬರುವ ಕರೆಂಟಿಗೆ ಅದು ಹೊಂದುವುದಿಲ್ಲ. ‘ಸಂರಕ್ಷಣೆ’ಯಲ್ಲೂ ಒಂದು ತೊಡಕಿದೆ. ಇದೇ ಮಕ್ಕಳು ಹೈಸ್ಕೂಲಿನಲ್ಲಿ ಶಕ್ತಿ ಸಂರಕ್ಷಣಾ ನಿಯಮ ಓದುತ್ತಾರೆ. ಶಕ್ತಿಯನ್ನು ಹುಟ್ಟಿಸಲೂ ಆಗದು, ನಾಶ ಮಾಡಲೂ ಆಗದು ಅನ್ನುತ್ತದೆ ಆ ಪಾಠ. ಹಾಗಾದರೆ ಇಷ್ಟು ದಿನ ನಾವು ಉಳಿಸಿದ್ದೇನು ಅಂತ ಜಾಣ ಮಗು ಕೇಳೇ ಕೇಳುತ್ತದೆ.

‘ಕರೆಂಟ್’ ಅಂತಲೇ ಬರೆಯಬಹುದಲ್ವಾ? ನನ್ನ ಒಲವು ಅದರ ಕಡೆಗೇ. ಕರೆಂಟ್ ಹೋಯ್ತು, ಕರೆಂಟ್ ಬಿಲ್ ಬಂತು, ಕರೆಂಟ್ ಹೊಡೀತು. ಇದು ಈಗ ನಮ್ಮದೇ ಪದ. ಮುಂದೆ ಕರೆಂಟಿನ ಹರಿವಿನ ಅಳತೆಯಾದ ಆಂಪಿಯರ್ ಕಲಿಯುವಾಗ ‘ವಿದ್ಯುತ್ ಪ್ರವಾಹ’ ಅನ್ನುವ ಪದ ಹೇಗೂ ಇದೆ. ಆದರೆ ಗ್ಯಾಸನ್ನು, ನೀರನ್ನು ಕರೆಂಟಿನೊಳಗೆ ಸೇರಿಸುವುದು ಹೇಗೆ? ಈ ಊರಿನಲ್ಲಿ ನೀರನ್ನು ಬಿಟ್ಟು ಈ ಪಾಠ ಮಾಡಲು ಆಗುವುದಿಲ್ಲ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಬರಬೇಕು. ದಾರಿಯುದ್ದಕ್ಕೂ ಅದನ್ನು ಪಂಪ್ ಮಾಡಿ ಮೇಲೆತ್ತಬೇಕು. ಆಮೇಲೆ ಸಂಪಿನಿಂದ ಟ್ಯಾಂಕಿಗೆ ಏರಿಸಲು ಮನೆಯ ಮೋಟರು. ನಲ್ಲಿ ಬಿಟ್ಟುಕೊಂಡು ಹಲ್ಲುಜ್ಜಿದರೆ ನೀರಿನ ಜೊತೆ ಇಷ್ಟೂ ಕರೆಂಟು ಹೋಗುತ್ತದೆ. ಇದನ್ನು ಮಕ್ಕಳಿಗೆ ಹೇಳಲೇಬೇಕು ಅನ್ನುವುದು ನನ್ನ ಆಸೆ.

ನನ್ನ ಮುಖ್ಯ ಪ್ರಶ್ನೆ ಇರುವುದು ‘ಉಳಿಸು’ ಬಗ್ಗೆ. ಊಟಕ್ಕೆ ಕೂತಾಗ ಅಮ್ಮ ‘ತಟ್ಟೇಲಿ ಅನ್ನ ಉಳಿಸಬೇಡ’ ಅನ್ನುತ್ತಾರೆ. ಅಲ್ಲಿ ಉಳಿಸುವುದು ಕೆಟ್ಟದ್ದು. ಶಾಲೆಯಲ್ಲಿ ಮೇಷ್ಟ್ರು ‘ಕರೆಂಟ್ ಉಳಿಸು’ ಅನ್ನುತ್ತಾರೆ. ಇಲ್ಲಿ ಒಳ್ಳೆಯದು. ದುಡ್ಡು ಉಳಿಸಿದರೆ ಹುಂಡಿಯಲ್ಲಿ ಇರುತ್ತದೆ, ಕುಲುಕಿದರೆ ಸದ್ದೂ ಬರುತ್ತದೆ. ಉಳಿಸಿದ ಕರೆಂಟ್ ಎಲ್ಲಿದೆ ಅಂತ ಮಗು ಕೇಳಿದರೆ ತೋರಿಸಲು ಏನೂ ಇಲ್ಲ. ಬಳಸಲಿಲ್ಲ ಅಷ್ಟೇ. ಅದಕ್ಕೇ ‘ಪೋಲು ಮಾಡಬೇಡ’, ‘ಸುಮ್ನೆ ಉರಿಸಬೇಡ’ ಅನ್ನುವ ಮಾತುಗಳು ಜಾಸ್ತಿ ನೇರ ಅನ್ನಿಸುತ್ತವೆ. ಆದರೆ ಪುಸ್ತಕದ ತುಂಬ ಬೇಡ, ಬೇಡ ಅಂತಲೇ ಬರೆದರೆ ಮಕ್ಕಳಿಗೆ ಬೇಸರ ಬರುತ್ತದೆ. ‘ಹಿಡಿತವಾಗಿ ಬಳಸು’ ಅನ್ನೋಣವೇ? ಈಗಿನ ಮಕ್ಕಳ ಕಿವಿಗೆ ಅದು ಬಿದ್ದಿರುತ್ತದೆಯೇ?

‘ಯೂನಿಟ್’ ಬಗ್ಗೆ ನನಗೆ ಅನುಮಾನವಿಲ್ಲ. ಗೃಹಜ್ಯೋತಿ ಬಂದಮೇಲೆ ‘200 ಯೂನಿಟ್’ ಅನ್ನುವುದು ಮನೆಮಾತು. 1000 ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್. 2000 ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಅಷ್ಟು ತಿನ್ನುತ್ತದೆ. 9 ವ್ಯಾಟಿನ ಎಲ್‌ಇಡಿ ಬಲ್ಬು ಅಷ್ಟೇ ಕರೆಂಟಿನಲ್ಲಿ ನಾಲ್ಕು ದಿನ ಹಗಲೂ ರಾತ್ರಿ ಉರಿಯುತ್ತದೆ. ‘ತಿನ್ನುತ್ತದೆ’ ಅನ್ನುವ ಈ ಬಳಕೆ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ, ಹಾಗೇ ಇಡುತ್ತೇನೆ.

ಕರೆಂಟು, ಗ್ಯಾಸು, ನೀರು ಮೂರನ್ನೂ ಒಳಗೊಳ್ಳುವ, ಮಗುವಿನ ಬಾಯಲ್ಲಿ ಸಲೀಸಾಗಿ ಹೊರಳುವ ಪದ ನಿಮ್ಮ ಕಡೆ ಇದೆಯೇ? ಇಲ್ಲವಾದರೆ ಪ್ರತಿ ಸಲ ಮೂರನ್ನೂ ಹೆಸರಿಸಿ ಬರೆಯುವುದೇ ಸರಿಯೇ? ‘ಪೋಲು ಮಾಡು’ ಅನ್ನುವುದಕ್ಕೆ ಧಾರವಾಡ, ಮಂಗಳೂರು, ಕಲಬುರಗಿ ಕಡೆಯ ಮನೆಗಳಲ್ಲಿ ಏನನ್ನುತ್ತಾರೆ ಅನ್ನುವುದನ್ನೂ ದಯವಿಟ್ಟು ತಿಳಿಸಿ.