ತುರ್ತು: ‘ಡಿಫಾರ್ಮಬಲ್ ಮಿರರ್’ಗೆ ಪದ ಬೇಕು

ಬಲ್ಲವರಲ್ಲಿ ಕೇಳಿಕೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಫ್ಲೆಕ್ಸ್ ಪ್ರಿಂಟಿಗೆ ಹೋಗಬೇಕು. ವಿಜ್ಞಾನ ಮೇಳದ ಫಲಕ, ಮೂರು ದೈತ್ಯ ದೂರದರ್ಶಕಗಳ ಬೆಳಕಿನ ದಾರಿ ಅಕ್ಕಪಕ್ಕ. ವಾತಾವರಣ ಕದಡಿದ ಬೆಳಕನ್ನು ಸೆಕೆಂಡಿಗೆ ನೂರಾರು ಸಲ ಮೈ ಬಗ್ಗಿಸಿ ಸರಿಪಡಿಸುವ ತೆಳು ಕನ್ನಡಿ ಮೂರರಲ್ಲೂ ಉಂಟು, ಜಾಗ ಬೇರೆ. 39 ಮೀಟರಿನ ಇಎಲ್‌ಟಿಯಲ್ಲಿ (ಎಕ್ಸ್‌ಟ್ರೀಮ್ಲಿ ಲಾರ್ಜ್ ಟೆಲಿಸ್ಕೋಪ್) ಅದು ನಾಲ್ಕನೇ ಕನ್ನಡಿ, ಬೆನ್ನಿಗೆ ಅದನ್ನು ತಳ್ಳಿ ಎಳೆದು ಬಗ್ಗಿಸುವ ಐದು ಸಾವಿರಕ್ಕೂ ಮಿಕ್ಕಿದ ಆಕ್ಚುಯೇಟರುಗಳು. ಜಿಎಂಟಿಯಲ್ಲಿ (ಜೈಂಟ್ ಮೆಗೆಲನ್ ಟೆಲಿಸ್ಕೋಪ್) ಎರಡನೆಯ ಕನ್ನಡಿಯೇ ಅದು, ಏಳು ತುಂಡಾಗಿ. ಟಿಎಂಟಿಯಲ್ಲಿ (ಥರ್ಟಿ ಮೀಟರ್ ಟೆಲಿಸ್ಕೋಪ್) ದೂರದರ್ಶಕದ ಆಚೆ, ಮೈನಸ್ 30 ಡಿಗ್ರಿಗೆ ತಂಪಾಗಿಸಿದ ಪೆಟ್ಟಿಗೆಯೊಳಗೆ ಅಂಥವು ಎರಡು. ಸದ್ಯಕ್ಕೆ ‘ವಿರೂಪ್ಯ ದರ್ಪಣ’ ಎಂದು ಬರೆದಿದ್ದೇನೆ, ನಾಲಿಗೆಗೆ ಹತ್ತುತ್ತಿಲ್ಲ.

> ವಿರೂಪ್ಯ ಬೇಡವೇ ಬೇಡ. ಜಾತ್ರೆಯಲ್ಲಿ ಮೂತಿ ಸೊಟ್ಟಗೆ ತೋರಿಸುವ ಕನ್ನಡಿ ನೆನಪಾಗುತ್ತದೆ. ಸುಡುವ ಕಾಡು ಸುಡುಗಾಡು, ಕಡೆಯುವ ಕೋಲು ಕಡೆಗೋಲು ಇದ್ದ ಹಾಗೆ, ಮಣಿಯುವ ಕನ್ನಡಿ ‘ಮಣಿಗನ್ನಡಿ’. ಅಷ್ಟಕ್ಕೂ ಕನ್ನಡಿ ಎಂದರೇನೇ ಕಣ್ಣು ಆಡುವ ಜಾಗ, ಬಾಗಿ ಬಳುಕುವುದಕ್ಕೆ ಹೇಳಿ ಮಾಡಿಸಿದ ಪದ.

>> ಮಣಿಗನ್ನಡಿ ಅಂದರೆ ಅಂಚಿಗೆ ಮಣಿ ಪೋಣಿಸಿದ್ದು, ಬಳೆ ಅಂಗಡಿಯಲ್ಲಿ ಸಿಗುತ್ತದೆ. ‘ಕಣ್ಣು ಆಡುವ’ ಕಥೆ ಈ ವರ್ಷ ಮೂರನೇ ಸಲ. ತಮಿಳಿನಲ್ಲಿ ‘ಆಡಿ’ ಎಂದರೇನೇ ಕನ್ನಡಿ, ಆಟಕ್ಕೂ ಅದಕ್ಕೂ ಸಂಬಂಧ ಕಾಣೆ. ‘ಅನುವರ್ತಿ ದರ್ಪಣ’ ಇರಲಿ, ಮರಾಠಿ, ಹಿಂದಿಯವರಿಗೂ ಅರ್ಥವಾಗುತ್ತದೆ.

>>> ರಾಯರೇ, ಮರಾಠಿಯವರು ನಮ್ಮ ಫಲಕ ಓದಲು ಬರುತ್ತಾರೆಯೇ? ಲೇಸರ್ ಎಂಬ ಹೊರಗಿನ ಪದವನ್ನು ಒಳಗೆ ಬಿಟ್ಟುಕೊಂಡಿರಿ, ಸೋಡಿಯಂ ಬಿಟ್ಟುಕೊಂಡಿರಿ, ಮನೆಯ ಕನ್ನಡಿ ಮಾತ್ರ ದರ್ಪಣವಾಗಬೇಕು. ಎರವಲು ತರುವುದಾದರೆ ಇಲ್ಲದ್ದನ್ನು ತನ್ನಿ.

> ಇಬ್ಬರೂ ಸ್ವಲ್ಪ ತಡೆಯಿರಿ. ಫಲಕದಲ್ಲಿ ‘ಆಕ್ಟಿವ್ ಆಪ್ಟಿಕ್ಸ್’ ಕೂಡ ಬರುತ್ತದಲ್ಲ? ಅದು ನಿಧಾನದ್ದು. ದೊಡ್ಡ ಕನ್ನಡಿ ತನ್ನ ಭಾರಕ್ಕೆ, ಚಳಿಗೆ ಸೊಟ್ಟಗಾದರೆ ತಿದ್ದುವ ಕೆಲಸ. ‘ಅಡಾಪ್ಟಿವ್’ ಗಾಳಿಯ ಚಂಚಲಕ್ಕೆ, ನೀವು ಕೇಳಿದ ತೆಳು ಕನ್ನಡಿಯ ಕೆಲಸ. ಎರಡನ್ನೂ ‘ಸಕ್ರಿಯ’ ಎಂದರೆ ಮಕ್ಕಳಿಗೆ ಮೋಸ. ಟಿಎಂಟಿಯ ಕನ್ನಡಿ ತುಂಡುಗಳ ಪಾಲಿಶ್ ಘಟಕ ಇಲ್ಲೇ ಹೊಸಕೋಟೆಯಲ್ಲಿದೆ. ಅಲ್ಲಿ ಹೋಗಿ ‘ದರ್ಪಣ’ ಅಂದು ನೋಡಿ, ನಿಮ್ಮ ಮುಖವನ್ನೇ ನೋಡಿಯಾರು.

ಎಲ್ಲರಿಗೂ ವಂದನೆ. ಕಾಲಂ ಎರಡೇ ಇಂಚು. ‘ಮಣಿಯುವ ಕನ್ನಡಿ’ ಹಿಡಿಯಿತು. ಆಕ್ಟಿವ್‌ಗೆ ‘ಸಕ್ರಿಯ’, ಅಡಾಪ್ಟಿವ್ ಆಪ್ಟಿಕ್ಸ್ ಹಾಗೇ ಇಟ್ಟೆ. ಫೈಲ್ ಕಳಿಸಿಯಾಯಿತು.

> ‘ಮಣಿಯುವ’ ಕೃದಂತ. ನೀವು ಕೇಳಿದ್ದು ಪದ.